ಎಲ್ಲಿ ಬಿದ್ದರೆ ಯಾವ ದವಾಖಾನೆ

ನಮ್ಮ ಓಣಿಯ ಮೂರ್ನಾಲ್ಕು ಹುಡುಗಿಯರು ಈಗ ಆರೋಗ್ಯ ವಿಮೆಯ ಕಾರ್ಡು ಮಾಡಿಸುವ ಕೆಲಸಕ್ಕೆ ಸೇರಿದ್ದಾರೆ. ಕೊರಳಲ್ಲಿ ಗುರುತಿನ ಪಟ್ಟಿ, ಕೈಯಲ್ಲಿ ಫೋನು, ಬಾಯಲ್ಲಿ ಕಂಪನಿಯವರು ಕಲಿಸಿದ ಮಾತು. ಮೊನ್ನೆ ಒಬ್ಬಳು ನನಗೇ ಮಾರಲು ಬಂದಳು. ಕೂರಿಸಿ, ಚಹಾ ಕೊಟ್ಟು, ನಾನು ಇಲ್ಲೇ ಬಾಗಿಲಲ್ಲಿ ಬಿದ್ದರೆ ಯಾವ ದವಾಖಾನೆ ನನ್ನನ್ನು ಒಳಗೆ ಸೇರಿಸುತ್ತದೆ ಎಂದು ಕೇಳಿದೆ. ಅವಳು ಫೋನು ನೋಡಿ, ಪೂರಾ ಇಂಡಿಯಾದಲ್ಲಿ ಸಾವಿರಾರು ಆಸ್ಪತ್ರೆ ಇವೆ ಆಂಟಿ ಅಂದಳು. ನಾನು ಇಂಡಿಯಾದಲ್ಲಿ ಬೀಳುವುದಿಲ್ಲವ್ವಾ, ಡೊಂಬಿವಲಿಯಲ್ಲಿ ಬೀಳುತ್ತೇನೆ ಅಂದೆ. ಮುಖ ಊದಿಸಿಕೊಂಡು ಎದ್ದು ಹೋದಳು. ಹೋಗಲಿ. ನನ್ನ ಸಿಟ್ಟೇ ಇನ್ನೂ ಇಳಿದಿಲ್ಲ, ಅವಳದ್ದು ಯಾರಿಗೆ ಬೇಕು.

ಅವಳಂಥ ಹುಡುಗಿಯರಿಗೇ ಇದನ್ನು ಬರೆದಿದ್ದೇನೆ. ನಾನು ಆಳಂದ ಕಡೆಯ ಹಳ್ಳಿಯಲ್ಲಿ ಎರಡನೇ ಇಯತ್ತೆವರೆಗೆ ಶಾಲೆಗೆ ಹೋದವಳು. ಅಕ್ಷರ ತಪ್ಪಿದ್ದನ್ನು ಇಲ್ಲಿಯ ಕನ್ನಡ ಸಂಘದ ಮಾಸ್ತರರು ತಿದ್ದಿದ್ದಾರೆ. ಬೈಗುಳವನ್ನೂ ತೆಗೆಯಲು ಹೊರಟಿದ್ದರು, ಬಿಡಲಿಲ್ಲ.

ಹೇಳಬೇಕಾಗಿರುವುದು ಮಲ್ಲಮ್ಮನ ವಿಷಯ. ಮುಂಬಯಿ ಹೊರಗಿನ ಠಾಣೆ ಜಿಲ್ಲೆಯ ಡೊಂಬಿವಲಿ ಪೂರ್ವದ ಚಾಳಿನಲ್ಲಿ ನನ್ನ ಮಗ್ಗುಲ ಖೋಲಿಯವಳು. ಆಕೆ ಎದ್ದು ನಡೆಯಬೇಕೋ ಬೇಡವೋ ಎಂಬುದು ಒಂದು ವಿಳಾಸದ ಮೇಲೆ ನಿಂತಿತು, ಆ ವಿಳಾಸ ಹಾಕಿಸಿದ್ದು ನಮ್ಮ ಆಫೀಸು. ಅಲ್ಲಿಗೆ ಬರುವ ಮೊದಲು ಕೆಲಸ ಹೇಗಿತ್ತು ಎಂದು ಹೇಳದಿದ್ದರೆ ನಿಮಗೆ ತಿಳಿಯುವುದಿಲ್ಲ.

ನಾನು ಮೊದಲು ಕಟ್ಟಡದ ಕೂಲಿ. ಠಾಣೆಯಲ್ಲಿ ಈಗ ಮೋಡಕ್ಕೆ ತಾಗಿ ನಿಂತ ಟವರುಗಳಿಗೆ ಸಿಮೆಂಟು ಹೊತ್ತವಳು. ಬೆನ್ನು ಹೋದ ಮೇಲೆ ಕಲ್ಯಾಣದ ಒಂದು ನರ್ಸಿಂಗ್ ಹೋಮಿನಲ್ಲಿ ಆಯಾ ಆದೆ. ಅಲ್ಲಿಗೆ ಶೆಟ್ಟರು ಬರುತ್ತಿದ್ದರು. ಉಡುಪಿ ಕಡೆಯವರು, ಸ್ಟೇಷನ್ನಿನ ಹತ್ತಿರ ಮೊದಲ ಮಹಡಿಯಲ್ಲಿ ವಿಮೆಯ ಏಜೆನ್ಸಿ. ನಾನು ಕಲಬುರಗಿ, ವಿಜಯಪುರದ ರೋಗಿಗಳನ್ನು ಬೈದು, ಪುಸಲಾಯಿಸಿ, ಸೂಜಿ ಚುಚ್ಚಿಸಿಕೊಳ್ಳುವಂತೆ ಮಾಡುವುದನ್ನು ನೋಡಿ ಒಂದು ದಿನ ಕರೆದರು.

"ನಿಮ್ಮ ಜನ ನನ್ನ ಮಾತು ಕೇಳುದಿಲ್ಲ ನಾಗಮ್ಮ. ನಿಮ್ಮದು ಕೇಳ್ತಾರೆ."

ಅದೊಂದು ಖರೇ ಮಾತು ಹೇಳಿದರು. ಏಜೆಂಟ್ ಲೈಸೆನ್ಸಿಗೆ ಹತ್ತನೇ ಪಾಸಾಗಿರಬೇಕು, ನನ್ನ ಕೈಯಲ್ಲಿ ಅದಿರಲಿಲ್ಲ. ಹಾಗಾಗಿ ಲೈಸೆನ್ಸು ಶೆಟ್ಟರ ಹೆಂಡತಿಯ ಹೆಸರಲ್ಲಿ, ಓಣಿ ಓಣಿ ತಿರುಗುವುದು ನಾನು. ಆಯಮ್ಮ ನಮ್ಮ ಓಣಿಗೆ ಒಮ್ಮೆಯೂ ಕಾಲಿಟ್ಟವರಲ್ಲ. ಹೆಚ್ಚು ಕಾರ್ಡು ಮಾಡಿಸಿದರೆಂದು ಕಂಪನಿಯವರು ಆಕೆಯನ್ನು ಗೋವೆಗೆ ಕರೆದೊಯ್ದು ಹಾರ ಹಾಕಿದರು. ಆ ವಾರ ನಾನು ಕಾಲಿನ ಬೊಬ್ಬೆಗೆ ಅರಿಶಿನ ಹಚ್ಚಿಕೊಂಡು ದಿವಾ ಸ್ಟೇಷನ್ನಿನ ಕಡೆ ತಿರುಗುತ್ತಿದ್ದೆ. ನೀವು ಹತ್ತನೇ ಪಾಸಾಗಿದ್ದರೆ ಲೈಸೆನ್ಸು ನಿಮ್ಮ ಹೆಸರಲ್ಲೇ ತೆಗೆಸಿಕೊಳ್ಳಿ. ಮಿಕ್ಕ ಬುದ್ಧಿಮಾತು ಆಮೇಲೆ.

ಇನ್ನು ಫಾರಂ ತುಂಬುವುದು. ಚಾಳಿನಲ್ಲಿ ಅದು ಒಬ್ಬರ ಕೆಲಸ ಅಲ್ಲ, ಪಂಚಾಯಿತಿ. ಬಾಗಿಲಲ್ಲಿ ಹೊಸ ಚಪ್ಪಲಿ ಕಂಡರೆ ಅಕ್ಕಪಕ್ಕದವರೆಲ್ಲ ಒಳಗೆ. ಒಬ್ಬಳು ಮೆಂತ್ಯದ ಸೊಪ್ಪು ಬಿಡಿಸುತ್ತಾಳೆ, ಒಬ್ಬಳು ಕೂಸಿಗೆ ಹಾಲೂಡುತ್ತಾಳೆ, ಎಲ್ಲರ ಕಿವಿ ನಮ್ಮ ಕಡೆ. ಅವರೆಲ್ಲರ ಎದುರಿಗೆ ನಿಮಗೆ ಯಾವುದಾದರೂ ಹಳೆಯ ಬೇನೆ ಇದೆಯೇ ಎಂದು ಕೇಳಬೇಕು. ಯಾವ ಮಗ ಹೌದು ಅನ್ನುತ್ತಾನೆ? ಮನೆಯಲ್ಲಿ ಮದುವೆಗೆ ಬಂದ ಮಗಳಿರುತ್ತಾಳೆ. ಖೋಲಿ ಖಾಲಿ ಮಾಡಿಸಲು ನೆಪ ಹುಡುಕುವ ಮಾಲೀಕನಿರುತ್ತಾನೆ. ಕ್ಷಯ ಆದವನ ಕೊಡವನ್ನು ನಲ್ಲಿಯ ಸಾಲಿನಿಂದ ಎತ್ತಿ ಆಚೆ ಇಡುವ ಜನ ನಾವು. ನಮ್ಮ ಎದುರಿಗೆ ಯಾರು ಖರೇ ಹೇಳುತ್ತಾರೆ?

ಅಂಬರನಾಥದಲ್ಲಿ ಚಂದಪ್ಪ ಅಂತ ಒಬ್ಬನಿದ್ದ, ಬಣ್ಣದ ಕಾರಖಾನೆಯಲ್ಲಿ ಕೆಲಸ. ಬೇನೆಯ ಪ್ರಶ್ನೆ ಕೇಳಿದ ಕೂಡಲೇ ಎದೆ ತಟ್ಟಿಕೊಂಡು, ನನಗೇನ್ ಧಾಡಿ ಆಗ್ಯಾದ, ಕಲ್ಲಿದ್ದಂಗ ಅದೀನಿ ಅಂದ. ಅವನ ಹೆಂಡತಿಯ ಕಣ್ಣು ದೇವರ ಮಾಡದ ಕಡೆ ಹೋಯಿತು. ಅಲ್ಲಿ ಕುಂಕುಮದ ಭರಣಿಯ ಹಿಂದೆ ಸಕ್ಕರೆ ಕಾಯಿಲೆಯ ಗುಳಿಗೆ ಇದ್ದವು. ಬಂದು ಶೆಟ್ಟರಿಗೆ ಹೇಳಿದೆ. ಅವನೇ ಇಲ್ಲ ಅಂದ ಮೇಲೆ ನಮಗೆ ಎಂತಕ್ಕೆ ಎಂದರು. ಇಲ್ಲ ಎಂದು ಬರೆದ ಫಾರಂ ಬೇಗ ಪಾಸಾಗುತ್ತದೆ, ಅಷ್ಟೇ ಅವರಿಗೆ ಬೇಕಾದದ್ದು. ಮುಂದೆ ಚಂದಪ್ಪನ ಕಾಲ್ಬೆರಳು ಕೊಳೆತು ಕತ್ತರಿಸಬೇಕಾಯಿತು. ಕಂಪನಿಯ ಮನುಷ್ಯ ಅವನ ಹಳೆಯ ಡಾಕ್ಟರನ್ನು ಹುಡುಕಿಕೊಂಡು ಹೋಗಿ, ರೋಗ ಮುಚ್ಚಿಟ್ಟಿದ್ದೀರಿ ಎಂದು ಬರೆದು, ಹಣ ಕೊಡದೆ ಕೈ ಎತ್ತಿದ. ಚಂದಪ್ಪ ಪಟ್ಟಿ ಸುತ್ತಿದ ಕಾಲೆಳೆದುಕೊಂಡು ನನ್ನ ಬಾಗಿಲಿಗೆ ಬಂದು ಇಡೀ ಚಾಳಿಗೆ ಕೇಳುವಂತೆ ಬೈದ. ನಾನು ಬಿಟ್ಟೆನೇ?

"ಮಂದಿ ಮುಂದ ಕಲ್ಲು ಅಂದಿದ್ದಿ, ಕಂಪನಿ ಮುಂದ ಸಕ್ಕರಿ ಹೆಂಗ ಆದಿಯೋ ಭಾಡ್ಯಾ?"

ಬೈದೆ, ಆದರೆ ಸಿಟ್ಟು ಅವನ ಮೇಲಲ್ಲ. ಆ ಪ್ರಶ್ನೆಯನ್ನು ಬರೆದ ಮನುಷ್ಯನಿಗೆ ಒಬ್ಬೊಬ್ಬರಿಗೂ ಒಂದೊಂದು ಕೋಣೆ ಇರುವ ಮನೆ ಇದ್ದಿರಬೇಕು. ಅಂದಿನಿಂದ ನಾನು ಯಾರ ಮನೆಯಲ್ಲೂ ಆ ಪ್ರಶ್ನೆ ಕೇಳಲಿಲ್ಲ. ಸ್ಟೇಷನ್ನಿಗೆ ಕರೆದುಕೊಂಡು ಹೋಗಿ ಪ್ಲಾಟ್‌ಫಾರಂ ಬೆಂಚಿನ ಮೇಲೆ ಕೂರಿಸಿ ಕೇಳುತ್ತಿದ್ದೆ. ಡೊಂಬಿವಲಿ ಸ್ಟೇಷನ್ನಿನಲ್ಲಿ ಯಾರೂ ಯಾರ ಮಾತನ್ನೂ ಕೇಳುವುದಿಲ್ಲ, ಎಲ್ಲರಿಗೂ ಗಾಡಿ ಹಿಡಿಯುವ ಗಡಿಬಿಡಿ. ಅಲ್ಲಿ ಗಂಡಸರು ಹೆಂಡತಿಯ ಗರ್ಭಪಾತದ ಮಾತು ಸಹ ಬಾಯಿ ಬಿಟ್ಟು ಹೇಳಿದ್ದುಂಟು. ಖರೇ ಹೇಳಿದ ಮೇಲೆ ಕೆಲವರಿಗೆ ಕಾರ್ಡು ಸಿಗಲಿಲ್ಲ. ಸಿಕ್ಕವರಿಗೆ ಮುಂದೆ ಯಾರೂ ಕೈ ಎತ್ತಲಿಲ್ಲ. ನನ್ನ ಕಾರ್ಡು ಕಡಿಮೆಯಾದವು ಎಂದು ಶೆಟ್ಟರು ತಿಂಗಳುಗಟ್ಟಲೆ ಮುಖ ಗಂಟಿಕ್ಕಿಕೊಂಡು ತಿರುಗಿದರು.

ದವಾಖಾನೆಗಳ ಪಟ್ಟಿಯದ್ದು ಬೇರೆ ನಾಟಕ. ಮೊದಲೆಲ್ಲ ಯಾವ ದವಾಖಾನೆಯಲ್ಲಿ ಕಾರ್ಡು ನಡೆಯುತ್ತದೆ ಎಂದು ಅಚ್ಚು ಹಾಕಿಸಿ ಆಫೀಸಿನ ಗೋಡೆಗೆ ಅಂಟಿಸುತ್ತಿದ್ದರು. ನಾನು ಆಯಾ ಆಗಿದ್ದ ನರ್ಸಿಂಗ್ ಹೋಮು ಅದರಲ್ಲಿ ಮೇಲೆಯೇ ಇತ್ತು. ಆ ಡಾಕ್ಟರಿಗೂ ಕಂಪನಿಗೂ ದರದ ವಿಷಯಕ್ಕೆ ಜಗಳ ಬಿದ್ದು ಹೆಸರು ಹೊಡೆದು ಹಾಕಿದರು. ಗೋಡೆಯ ಮೇಲೆ ಮಾತ್ರ ಹಾಗೇ ಇತ್ತು. ಮೂತ್ರದ ಕಲ್ಲಿನಿಂದ ಒದ್ದಾಡುತ್ತಿದ್ದ ಒಬ್ಬ ಗಾರೆಯವನನ್ನು ನಾನೇ ಅಲ್ಲಿಗೆ ಕಳಿಸಿದೆ. ಕೌಂಟರಿನವಳು ಹೊರಗೆ ಕಳಿಸಿದಳು. ಈಗ ಗೋಡೆ ಹೋಗಿ ಫೋನು ಬಂದಿದೆ. ಫೋನೂ ನಿನ್ನೆಯ ಮಾತೇ ಹೇಳುತ್ತದೆ. ಕಾಲಿದ್ದರೆ ನಡೆದು ಹೋಗಿ ಕೌಂಟರಿನವಳನ್ನೇ ಕೇಳಿ, ಈ ಕಾರ್ಡು ಇವತ್ತು ನಡೆಯುತ್ತದೆಯೇ ಎಂದು. ಅವಳು ಸಿಡುಕುತ್ತಾಳೆ. ಸಿಡುಕಲಿ, ಉತ್ತರ ಕೊಡುವ ತನಕ ಅಲ್ಲೇ ನಿಲ್ಲಿ.

ಈಗ ಮಲ್ಲಮ್ಮ.

ಆಕೆಯೂ ಆಳಂದ ಕಡೆಯವಳೇ. ಗಂಡ ವಾಶಿಯ ದೊಡ್ಡ ಮಾರ್ಕೆಟ್ಟಿನಲ್ಲಿ ಉಳ್ಳಾಗಡ್ಡಿ ಚೀಲ ಹೊರುತ್ತಿದ್ದ, ಹೊತ್ತೇ ಸತ್ತ. ಮಗ ಶರಣು ಅದೇ ಮಾರ್ಕೆಟ್ಟಿನಲ್ಲಿ ಟೆಂಪೊ ಓಡಿಸುತ್ತಾನೆ. ಮಲ್ಲಮ್ಮ ಡೊಂಬಿವಲಿಯ ಒಂದು ಸೊಸಾಯಿಟಿ ಕಟ್ಟಡದಲ್ಲಿ ಮೆಟ್ಟಿಲು ಗುಡಿಸಿ ಒರೆಸುವವಳು. ಆ ಕಟ್ಟಡಕ್ಕೆ ಮೊದಲ ಬಣ್ಣ ಬಳಿಯುವಾಗಲೂ ಆಕೆಯೇ ಇದ್ದಳು, ಮೂರನೇ ಸಲ ಬಳಿಯುವಾಗಲೂ ಆಕೆಯೇ. ನಾಲಿಗೆ ನನ್ನದಕ್ಕಿಂತ ಹರಿತ. ಇಬ್ಬರೂ ನಲ್ಲಿಯ ಹತ್ತಿರ ನಿಂತರೆ ಗಂಡಸರು ಸುತ್ತು ಹಾಕಿ ಹೋಗುತ್ತಿದ್ದರು.

ನಮ್ಮವರದ್ದು ಒಂದು ಪದ್ಧತಿ ಇದೆ. ದೇಹ ಇಲ್ಲಿ, ಕಾಗದ ಊರಲ್ಲಿ. ಇಲ್ಲಿ ದುಡಿದು ಕೂದಲು ಹಣ್ಣಾದರೂ ರೇಷನ್ ಕಾರ್ಡು ಊರದ್ದು, ಆಧಾರ್ ಊರದ್ದು, ಮತ ಹಾಕುವುದೂ ಊರಲ್ಲಿ. ಇಲ್ಲಿ ಹೆಸರು ಬರೆಸಿದರೆ ಅಲ್ಲಿ ಹೊಡೆದು ಹಾಕುತ್ತಾರೆ ಎಂಬ ಹೆದರಿಕೆ. ಊರಲ್ಲಿ ಹೆಸರು ಇಲ್ಲದವಳು ಸತ್ತಂತೆ ಎಂದು ಮಲ್ಲಮ್ಮನೇ ಹೇಳುತ್ತಿದ್ದಳು. ಇದರಿಂದ ಏನಾಗುತ್ತದೆ ಎಂದರೆ, ಇಲ್ಲಿಯ ಸರಕಾರ ಕೊಡುವ ಪುಕ್ಕಟೆ ಇಲಾಜು ಕೇಳಿದರೆ ಇಲ್ಲಿಯ ರೇಷನ್ ಕಾರ್ಡು ತನ್ನಿ ಅನ್ನುತ್ತಾರೆ. ಊರಿನ ಸರಕಾರದ್ದು ಊರಿಗೆ ಹೋದರೇ ಸಿಗುವುದು. ಎಪ್ಪತ್ತು ದಾಟಿದವರಿಗೆ ಈಗ ಬೇರೆ ಕಾರ್ಡು ಬಂದಿದೆ, ಆದರೆ ಮಲ್ಲಮ್ಮನಿಗೆ ಅಷ್ಟು ಆಗಿರಲಿಲ್ಲ. ಹೀಗೆ ಎರಡು ಸರಕಾರಗಳ ನಡುವೆ ಬಿದ್ದವರು ಖಾಸಗಿ ಕಂಪನಿಯ ಕಾರ್ಡು ಕೊಳ್ಳುತ್ತಾರೆ. ಶೆಟ್ಟರಂಥವರ ಅನ್ನ ನಡೆಯುವುದೇ ಆ ಸಂದಿಯಲ್ಲಿ.

ಒಂದು ವರ್ಷ ಕಂಪನಿಯವರು ಮುದುಕರಿಗೆಂದು ಹೊಸ ಕಾರ್ಡು ತಂದರು. ಅದಕ್ಕೆ ಎರಡು ದರ. ಮುಂಬಯಿ, ಠಾಣೆ, ನವಿ ಮುಂಬಯಿಯಲ್ಲಿ ಇರುವವರಿಗೆ ಹೆಚ್ಚು, ಸಣ್ಣ ಊರಿನವರಿಗೆ ಕಡಿಮೆ. ಶೆಟ್ಟರು ಟೇಬಲ್ ಗುದ್ದಿ ನಕ್ಕರು. ನಮ್ಮವರ ಆಧಾರೆಲ್ಲ ಸಣ್ಣ ಊರಿನದೇ ಅಲ್ಲವೇ? ಆಧಾರಿನಲ್ಲಿರುವ ವಿಳಾಸ ಹಾಕಿ, ಎಲ್ಲಿರುತ್ತೀರಿ ಎಂದು ಕೇಳಲೇ ಬೇಡಿ ಎಂದರು. ಕಡಿಮೆ ದರ ಎಂದ ಮೇಲೆ ಕೇಳಬೇಕೇ, ಮುದುಕ ಮುದುಕಿಯರು ಸಾಲು ನಿಂತರು. ಮಲ್ಲಮ್ಮನೂ ನಿಂತಳು.

ಆಫೀಸಿನಲ್ಲಿ ಕಂಪ್ಯೂಟರಿಗೆ ಅಶ್ವಿನಿ ಅಂತ ಮಂಗಳೂರು ಕಡೆಯ ಹುಡುಗಿ ಇದ್ದಳು. ಒಂದು ಮಧ್ಯಾಹ್ನ ಶೆಟ್ಟರು ಊಟಕ್ಕೆ ಹೋದಾಗ ನನ್ನನ್ನು ಹತ್ತಿರ ಕರೆದು ಪರದೆಯ ಮೇಲೆ ಬೆರಳಿಟ್ಟಳು.

"ನಾಗಮ್ಮಕ್ಕ, ಇಲ್ಲಿ ಬರ್ದದ್ದು ಯಾರೂ ಓದುದಿಲ್ಲ. ಊರಿನ ದರದವರು ಇಲ್ಲಿ ಠಾಣೆಯಲ್ಲಿ ಅಡ್ಮಿಟ್ ಆದ್ರೆ ಮೊದ್ಲು ಎಲ್ಲಾ ಕೈಯಿಂದ ಕಟ್ಬೇಕು. ಆಮೇಲೆ ಅವ್ರು ಕಟ್ ಮಾಡಿ ಉಳ್ದದ್ದು ಕೊಡುದು. ಪೂರ್ತಿ ನಡಿಯುದು ಕಲಬುರ್ಗಿಯಲ್ಲಿ ಮಾತ್ರ."

ಶೆಟ್ಟರು ಬರುವ ತನಕ ನಾನು ಅಲ್ಲಿಂದ ಏಳಲಿಲ್ಲ. ಬಂದ ಕೂಡಲೇ ಕೇಳಿದೆ. ಅವರಿಗೆ ಗೊತ್ತಿತ್ತು. ಈಗ ಕಾರ್ಡ್ ಆಗಲಿ, ಆಮೇಲೆ ನೋಡುವ ಎಂದರು. ಕೆಟ್ಟ ಮನುಷ್ಯ ಅಲ್ಲ ಶೆಟ್ಟರು. ನನಗೆ ಜ್ವರ ಬಂದಾಗ ಗಂಜಿ ಕಳಿಸಿದವರು, ದೀಪಾವಳಿಗೆ ಸೀರೆ ಕೊಟ್ಟವರು. ಕೆಟ್ಟವರಾಗಿದ್ದರೆ ಅವತ್ತೇ ಉಗಿದು ಹೊರಟುಬಿಡುತ್ತಿದ್ದೆ. ಗಂಜಿ ಕೊಟ್ಟವರ ಮೇಲಿನ ಸಿಟ್ಟನ್ನು ಎಲ್ಲಿ ಉಗಿಯಬೇಕು ತಿಳಿಯುವುದಿಲ್ಲ.

ನಾನು ಮತ್ತೆ ಓಣಿ ಓಣಿ ತಿರುಗಿದೆ, ಈ ಸಲ ಕಾರ್ಡು ಬದಲಿಸಿ ಎಂದು ಹೇಳಲು. ಹೆಚ್ಚಿನ ದರ ಕಟ್ಟಲು ಕೆಲವರು ಒಪ್ಪಿದರು. ಆದರೆ ಇಲ್ಲಿ ಇರುವುದಕ್ಕೆ ಕಾಗದ ಕೊಡಿ ಎಂದಿತು ಕಂಪನಿ. ಕಾಗದ ಎಲ್ಲಿಂದ ಬರಬೇಕು? ನಮ್ಮ ಚಾಳು ಪರವಾನಗಿ ಇಲ್ಲದೆ ಎದ್ದದ್ದು. ಲೈಟ್ ಬಿಲ್ಲು ಮಾಲೀಕನ ಹೆಸರಲ್ಲಿ. ಬಾಡಿಗೆ ಪತ್ರ ಕೇಳಿದರೆ, ಪತ್ರ ಕೊಟ್ಟರೆ ನೀವು ನಾಳೆ ಹಕ್ಕು ಕೇಳುತ್ತೀರಿ ಎಂದು ಮಾಲೀಕ ಬಾಗಿಲು ಹಾಕಿದ. ಮಲ್ಲಮ್ಮ ಕೇಳಲೂ ಹೋಗಲಿಲ್ಲ.

"ಯಕ್ಕಾ, ಊರಾಗಿನ ಹೆಸರು ಅಲ್ಲಾಡಸೋ ಯಾವ ಕೆಲಸಾನೂ ನನಗ ಬ್ಯಾಡ. ನನಗೇನೂ ಆಗಂಗಿಲ್ಲ."

"ಆಗಂಗಿಲ್ಲ ಅಂದ್ರ ಕಾರ್ಡ್ ಯಾಕ ಮಾಡಿಸಿದಿ?"

"ನಿನ್ನ ಬಾಯಿ ಮುಚ್ಚಸ್ಲಾಕ."

ನನಗೆ ಸಿಟ್ಟು ಬಂದು ಎರಡು ವಾರ ಆಕೆಯ ಜೊತೆ ಮಾತು ಬಿಟ್ಟೆ.

ಆಮೇಲೆ ಬಿದ್ದಳು. ಸೊಸಾಯಿಟಿಯವರು ಕೆಳಗಿನ ಹಾಲಿಗೆ ಹೊಸ ಫರಸಿ ಕಲ್ಲು ಹಾಕಿಸಿದ್ದರು, ಮುಖ ಕಾಣುವಷ್ಟು ನುಣುಪು. ತಾನೇ ಒರೆಸಿದ ನೀರಿನ ಮೇಲೆ ತಾನೇ ಜಾರಿದಳು. ಸೊಂಟದ ಕೀಲು ಮುರಿಯಿತು. ಶರಣು ಓಡಿ ಬಂದು ಠಾಣೆಯ ಒಂದು ಖಾಸಗಿ ದವಾಖಾನೆಗೆ ಒಯ್ದ, ಕಂಪನಿಯ ಪಟ್ಟಿಯಲ್ಲಿ ಅದರ ಹೆಸರು ಇತ್ತು. ನಾನು ಲೋಕಲ್ ಹಿಡಿದು ಹಿಂದೆಯೇ ಹೋದೆ. ಕೌಂಟರಿನ ಹುಡುಗ ಕಾರ್ಡಿನ ನಂಬರು ಒತ್ತಿ, ಪರದೆ ನೋಡಿ, ತಲೆ ಎತ್ತದೆಯೇ ಮರಾಠಿಯಲ್ಲಿ ಅಂದ, ಹೇ ಕಾರ್ಡ್ ಇಕಡಚ ನಾಹೀ. ಈ ಕಾರ್ಡು ಈ ಕಡೆಯದ್ದಲ್ಲ. ಇಲ್ಲಿ ಮಾಡಿಸುವುದಾದರೆ ಪೂರ್ತಿ ಕೈಯಿಂದ ಕಟ್ಟಿ, ಆಮೇಲೆ ಕಂಪನಿಯನ್ನು ಕೇಳಿಕೊಳ್ಳಿ. ಶರಣುವಿನ ಟೆಂಪೊ ಮಾರಿದರೂ ಅದು ಆಗುವ ಮಾತಲ್ಲ.

ಮೂಳೆಯ ಡಾಕ್ಟರು ಒಳ್ಳೆಯವರು, ಕುರ್ಚಿ ಕೊಟ್ಟು ಕೂರಿಸಿ ಹೇಳಿದರು. ಆಪರೇಷನ್ನು ಬೇಗ ಆದರೆ ಈ ಹೆಂಗಸು ಮೊದಲಿನ ಹಾಗೆ ನಡೆಯುತ್ತಾಳೆ. ತಡವಾದಷ್ಟೂ ಕಾಲು ಕೈಬಿಡುತ್ತದೆ, ಹಾಸಿಗೆಯಲ್ಲೇ ಉಳಿದರೆ ಜೀವಕ್ಕೂ ಭರವಸೆ ಇಲ್ಲ. ಸರಕಾರಿ ದವಾಖಾನೆಗೆ ಹೋಗಿ ಕೇಳಿದೆವು, ಅಲ್ಲಿ ಮುರಿದ ಕೈಕಾಲುಗಳ ಸಾಲು ವರಾಂಡದವರೆಗೆ ಇತ್ತು.

ಶರಣು ಇಲ್ಲೇ ಹುಟ್ಟಿದವನು. ಕನ್ನಡ ತಿಳಿಯುತ್ತದೆ, ಬಾಯಿಗೆ ಬರುವುದು ಹಿಂದಿ. "ಮಾವ್ಶಿ, ಗಾಂವ್ ಲೇಕೆ ಜಾತಾ ಹ್ಞೂಂ," ಅಂದ. ಊರಿಗೆ ಒಯ್ಯುತ್ತಾನಂತೆ. ಮುರಿದ ಸೊಂಟವನ್ನು ರೈಲಿಗೆ ಹಾಕಿಕೊಂಡು. ಕಲಬುರಗಿಯಲ್ಲಿ ಕಾರ್ಡು ಪೂರ್ತಿ ನಡೆಯುತ್ತದಲ್ಲ.

ನಾನು ತಡೆದೆ. ಅಶ್ವಿನಿಗೆ ಫೋನು ಹಚ್ಚಿದೆ. ಮಲ್ಲಮ್ಮ ಇಲ್ಲೇ ವಾಸ ಇದ್ದಳು ಎಂದು ಯಾರಾದರೂ ಜವಾಬ್ದಾರಿಯವರು ಬರೆದು ಕೊಟ್ಟು, ಹೆಚ್ಚಿನ ದರ ತುಂಬಿದರೆ ಕಂಪನಿ ಒಪ್ಪಿದ್ದು ಒಂದೆರಡು ಸಲ ನೋಡಿದ್ದೇನೆ, ಪ್ರಯತ್ನ ಮಾಡಿ ಅಕ್ಕ ಅಂದಳು. ಒಂದು ಸಾಲು ಸಾಕು: ಮಲ್ಲಮ್ಮ ಡೊಂಬಿವಲಿಯಲ್ಲಿ ಇರುತ್ತಾಳೆ. ಸುಳ್ಳು ಬರೆಯಿರಿ ಎಂದು ಯಾರನ್ನೂ ಕೇಳಬೇಕಾಗಿರಲಿಲ್ಲ. ಇದ್ದದ್ದನ್ನು ಬರೆಯಿರಿ ಅಷ್ಟೇ.

ಮೊದಲು ಸೊಸಾಯಿಟಿಯ ಸೆಕ್ರೆಟರಿಯ ಹತ್ತಿರ ಹೋದೆ. ನಿವೃತ್ತ ಬ್ಯಾಂಕಿನವರು, ಬಾಗಿಲಲ್ಲಿ ಗಣಪತಿ. ಅಯ್ಯೋ ಪಾಪ ಎಂದು ಮೂರು ಸಲ ಅಂದರು. ಬರೆದು ಕೊಡಿ ಅಂದೊಡನೆ ಪಾಪ ನಿಂತುಹೋಯಿತು. ಇಷ್ಟು ವರ್ಷ ಇಲ್ಲಿ ಕೆಲಸ ಮಾಡಿದ್ದಾಳೆ ಎಂದು ಸಹಿ ಹಾಕಿದರೆ ನಾಳೆ ಪಿ.ಎಫ್., ಗ್ರಾಚ್ಯುಯಿಟಿ ಎಂದು ನೋಟೀಸು ಬರುತ್ತದೆ, ಕಮಿಟಿ ಒಪ್ಪುವುದಿಲ್ಲ ಎಂದರು. ಆ ಹೆಂಗಸು ಗುಡಿಸಿದ ಮೆಟ್ಟಿಲ ಮೇಲೇ ನಿಂತು ಅಂದರು. ಚಾಳಿನ ಮಾಲೀಕ ಬಾಗಿಲನ್ನೂ ತೆಗೆಯಲಿಲ್ಲ, ಕಿಟಕಿಯಿಂದಲೇ ಮಾತಾಡಿದ. ಮುನಿಸಿಪಾಲಿಟಿಯವರು ಚಾಳು ಕೆಡವಲು ನೋಡುತ್ತಿದ್ದಾರೆ, ಇಲ್ಲಿ ಯಾರೂ ಇರುವುದಿಲ್ಲ ಎಂದು ನಾನು ಅಲ್ಲಿ ಹೇಳಿದ್ದೇನೆ, ಈಗ ಇದ್ದಾಳೆ ಎಂದು ಬರೆಯಲೇ ಎಂದು ನನ್ನನ್ನೇ ಗದರಿದ.

ಕಡೆಗೆ ಶೆಟ್ಟರು.

"ಶೆಟ್ರೇ, ಆಕಿ ಇಲ್ಲೇ ಇರತಾಳ ಅಂತ ನಿಮಗ ಗೊತ್ತಿತ್ತು. ಅದಷ್ಟೇ ಬರದು ಕೊಡ್ರಿ."

"ಗೊತ್ತಿತ್ತು ಅಂತ ಬರೆದ್ರೆ ಗೊತ್ತಿದ್ದೇ ಊರಿನ ವಿಳಾಸ ಹಾಕಿದ್ದು ಅಂತ ಆಗ್ತದೆ ನಾಗಮ್ಮ. ಏಜೆನ್ಸಿ ಹೋಗ್ತದೆ. ನನಗೂ ಹೆಂಡ್ತಿ ಮಕ್ಕಳು ಉಂಟಲ್ಲ."

"ನಿಮ್ಮ ಹೆಂಡ್ತಿ ಮಕ್ಕಳ ಯಾರು ಕೇಳ್ಯಾರ? ನಾ ಒಂದು ಕಾಲು ಕೇಳ್ಲತ್ತೀನಿ."

"ನಾವು ಸುಳ್ಳು ಹಾಕಿದ್ದಲ್ಲ. ಅವರೇ ಕೊಟ್ಟ ಆಧಾರ್. ನೀವೇ ತಂದ ಫಾರಂ."

ನೀವೇ ತಂದ ಫಾರಂ. ಕೆಲಸ ಸರಿ ಹೋದಾಗ ಅದು ಅವರ ಹೆಂಡತಿಯ ಲೈಸೆನ್ಸು, ಕೆಟ್ಟಾಗ ನನ್ನ ಫಾರಂ. ಅವರ ಬಾಗಿಲಲ್ಲೇ ಕೂತುಬಿಟ್ಟೆ. ಕಾರ್ಡು ಮಾಡಿಸಲು ಬಂದವರೆಲ್ಲ ನನ್ನನ್ನು ದಾಟಿ ಹೋದರು. ಸಂಜೆ ಅವರು ಹಿಂದಿನ ಬಾಗಿಲಿಂದ ಇಳಿದು ಮನೆಗೆ ಹೋದರೆಂದು ಅಶ್ವಿನಿ ಬಂದು ಹೇಳಿದಳು. ಅವಳ ಕಣ್ಣಲ್ಲಿ ನೀರಿತ್ತು. ಅಳುವ ಕೆಲಸ ಆಮೇಲೆ ಮಾಡು, ಕಲಬುರಗಿಯ ದವಾಖಾನೆಗೆ ಫೋನು ಹಚ್ಚು, ಕಾರ್ಡು ಇವತ್ತು ನಡೆಯುತ್ತದೆಯೇ ಕೇಳು ಅಂದೆ.

ಆಕೆ ಇಲ್ಲಿ ಇದ್ದಾಳೆ ಎಂದು ಇಡೀ ಡೊಂಬಿವಲಿಯಲ್ಲಿ ಒಬ್ಬ ನರಮನುಷ್ಯ ಬರೆದು ಕೊಡಲಿಲ್ಲ. ಗುಡಿಸಿಕೊಂಡವರು, ಬಾಡಿಗೆ ತಿಂದವರು, ಕಾರ್ಡು ಮಾರಿದವರು, ಎಲ್ಲರಿಗೂ ಆಕೆ ಬೇಕಾಗಿದ್ದಳು. ಕಾಗದದ ಮೇಲೆ ಮಾತ್ರ ಬೇಡ.

ಕಲ್ಯಾಣ ಸ್ಟೇಷನ್ನಿಗೆ ಶರಣುವಿನ ಜೊತೆಗಾರರು ಬಂದರು, ವಾಶಿ ಮಾರ್ಕೆಟ್ಟಿನ ರಾಯಚೂರು ಹಮಾಲರು. ಹಲಗೆಯ ಮೇಲೆ ಗೋಣಿ ಹಾಸಿ, ಮಲ್ಲಮ್ಮನನ್ನು ಮಲಗಿಸಿ, ಹೆಗಲು ಕೊಟ್ಟು ಸೇತುವೆ ಹತ್ತಿಸಿ ಇಳಿಸಿದರು. ದಿನಾ ಚೀಲ ಹೊರುವವರು, ಹೆಜ್ಜೆ ಒಂದೇ ಸಮ. ಕೆಳಗಿನ ಸೀಟಿಗೆ ಸರಿಸುವಾಗ ಮಾತ್ರ ಆಕೆ ಹಲ್ಲು ಕಚ್ಚಿದಳು. ಬೆವರು ಒರೆಸಿಕೊಳ್ಳುತ್ತಿದ್ದ ಹುಡುಗರನ್ನು ನೋಡಿ, "ನನ್ನ ಮದಿವಿಗಿ ಸುದ್ದಾ ಇಷ್ಟು ಮಂದಿ ಹೊತ್ತಿರ್ಲಿಲ್ಲ ನೋಡ್ರೋ," ಅಂದಳು. ಅವರು ನಕ್ಕರು. ನಾನು ನಗಲಿಲ್ಲ. ಸೊಲ್ಲಾಪುರ ದಾಟುವವರೆಗೂ ಗಾಡಿ ಕುಲುಕಿದಾಗಲೆಲ್ಲ ಆಕೆ ನನ್ನ ಕೈಯನ್ನು ಹಿಂಡಿ ಹಿಂಡಿ ನೀಲಿ ಮಾಡಿದಳು.

ಕಲಬುರಗಿಯಲ್ಲಿ ಕಾರ್ಡು ನಡೆಯಿತು. ಒತ್ತಿದ ಕೂಡಲೇ ಪಾಸು, ಯಾರೂ ತಕರಾರು ತೆಗೆಯಲಿಲ್ಲ. ಹಾಸಿಗೆ ಕೊಟ್ಟರು, ಬಿಳಿ ಚಾದರ ಕೊಟ್ಟರು. ಆದರೆ ಕೀಲಿನ ಆಪರೇಷನ್ ಮಾಡುವ ಡಾಕ್ಟರು ಅಲ್ಲಿಯವರಲ್ಲ, ಹೈದರಾಬಾದಿನಿಂದ ಬರಬೇಕು. ಕೂರಿಸುವ ಕೀಲನ್ನೂ ಬೇರೆ ಕಡೆಯಿಂದ ತರಿಸಬೇಕು. ಕಾದೆವು. ಆಕೆಯ ಬೆನ್ನಿಗೆ ಹುಣ್ಣಾದವು. ನಾನೂ ಶರಣುವೂ ಸರದಿಯ ಮೇಲೆ ಮಗ್ಗುಲು ಹೊರಳಿಸಿದೆವು. ಆಪರೇಷನ್ ಆಯಿತು. ಡಾಕ್ಟರು ಹೊರಗೆ ಬಂದು, ಬೇಗ ಕರೆತರಬೇಕಿತ್ತು, ಎಲ್ಲಿದ್ದಿರಿ ಇಷ್ಟು ದಿನ ಎಂದು ಗದರಿದರು. ದೊಡ್ಡ ದೊಡ್ಡ ದವಾಖಾನೆಗಳ ನಡುವೆ ಇದ್ದೆವು ಸರ್ ಎಂದು ಹೇಳುವುದೇ?

ಜೀವ ಉಳಿಯಿತು. ಒಂದು ಕಾಲು ಗಿಡ್ಡವಾಯಿತು. ನಾಲ್ಕು ಕಾಲಿನ ಕಬ್ಬಿಣದ ಊರುಗೋಲು ಹಿಡಿದು ಹಾಸಿಗೆಯಿಂದ ಬಾಗಿಲಿನವರೆಗೆ ಬರುತ್ತಾಳೆ, ಅಷ್ಟೇ. ನಮ್ಮ ಖೋಲಿಗಳು ಮೇಲಿನ ಸಾಲಿನಲ್ಲಿವೆ, ಕಬ್ಬಿಣದ ಕಡಿದಾದ ಮೆಟ್ಟಿಲು, ಗಟ್ಟಿ ಕಾಲಿನವರೇ ಮಳೆಗಾಲದಲ್ಲಿ ಜಾರುತ್ತಾರೆ. ಶರಣು ಕೆಳಗಿನ ಖೋಲಿ ಹುಡುಕಿದ. ಕುಂಟ ಮುದುಕಿ ಇರುತ್ತಾಳೆ ಎಂದು ಗೊತ್ತಾದರೆ ಮಾಲೀಕರು ದನಿಯನ್ನೇ ಬದಲಿಸುತ್ತಿದ್ದರು, ಕೇಳಿದ ಠೇವಣಿ ಅವನ ಕೈಗೆ ಎಟುಕುವಂಥದ್ದಲ್ಲ. ಸೊಸಾಯಿಟಿಯವರು ಅಷ್ಟರಲ್ಲಿ ಬೇರೆಯವಳನ್ನು ಇಟ್ಟುಕೊಂಡಿದ್ದರು. ಮಲ್ಲಮ್ಮನನ್ನು ಊರಲ್ಲಿ ಆಕೆಯ ತಮ್ಮನ ಮನೆಯಲ್ಲಿ ಬಿಟ್ಟು ಬಂದೆವು. ತಮ್ಮನ ಹೆಂಡತಿ ನನ್ನ ಎದುರಿಗೇ ಎಷ್ಟು ದಿನ ಅಂತ ಕೇಳಿದಳು. ಮಲ್ಲಮ್ಮ ಗೋಡೆ ನೋಡುತ್ತಾ ಕೂತಿದ್ದಳು. ನಾನು ಏಳುವಾಗ ಸೆರಗು ಹಿಡಿದಳು.

"ಯಕ್ಕಾ, ನೀ ಹೇಳಿದಾಗ ನಾ ಕೇಳ್ಬೇಕಿತ್ತು."

"ಕೇಳಿದ್ರೂ ಯಾವ ಸೂಳಿಮಗ ಕಾಗದ ಕೊಡ್ತಿದ್ದ? ನಿಂದೇನೂ ತಪ್ಪಿಲ್ಲ, ಸುಮ್ಮನಿರು."

ಆ ಮಾತನ್ನೇ ನಿಮಗೂ ಹೇಳುತ್ತೇನೆ. ಜನರು ತಪ್ಪು ಕಾರ್ಡು ಆರಿಸಿಕೊಂಡರು, ಓದದೆ ಸಹಿ ಮಾಡಿದರು ಎಂದು ನಿಮ್ಮ ಸಾಹೇಬರು ಹೇಳುತ್ತಾರೆ. ನಂಬಬೇಡಿ. ಆರಿಸಿಕೊಳ್ಳಲು ಎದುರಿಗೆ ಎರಡಿರಬೇಕು. ನಮ್ಮವರ ಎದುರಿಗೆ ಒಂದೇ ಇರುತ್ತದೆ, ಅದರ ಮೇಲೆ ಎರಡು ಬಣ್ಣ ಬಳಿದಿರುತ್ತಾರೆ. ಕೆಲಸ ಬಿಡಿ ಎಂದು ನಾನು ಹೇಳುವುದಿಲ್ಲ, ಹೊಟ್ಟೆ ಎಲ್ಲರಿಗೂ ಇದೆ. ವಿಳಾಸದ ಜಾಗದಲ್ಲಿ ಆಧಾರ್ ನೋಡಿ ಬರೆಯುವ ಮೊದಲು ಒಲೆ ಎಲ್ಲಿ ಉರಿಯುತ್ತದೆ ನೋಡಿ. ಅಲ್ಲಿಯ ದರವನ್ನೇ ಹಾಕಿ. ಸಾಹೇಬರು ಬೈದರೆ ಬೈಸಿಕೊಳ್ಳಿ. ಕಾಗದ ಇಲ್ಲದಿದ್ದರೆ ಈ ಕಾರ್ಡು ಇಲ್ಲಿ ನಡೆಯುವುದಿಲ್ಲ ಎಂದು ಮುಖಕ್ಕೆ ಹೊಡೆದಂತೆ ಹೇಳಿ. ಕೊಳ್ಳದೆ ಹೋದರೆ ಹೋಗಲಿ.

ಊರಿಂದ ಬಂದ ಮೇಲೆ ಆಫೀಸಿಗೆ ಹೋದೆ. ಕಾರ್ಡುಗಳನ್ನು ಮುಂದಿನ ವರ್ಷಕ್ಕೆ ನವೀಕರಿಸುವ ಗದ್ದಲ ನಡೆದಿತ್ತು. ಶೆಟ್ಟರು ನನ್ನನ್ನು ನೋಡಿ ಎದ್ದು ನಿಂತರು, ಅಶ್ವಿನಿಗೆ ಚಹಾ ತರಿಸಲು ಹೇಳಿದರು, ಮಲ್ಲಮ್ಮ ಹೇಗಿದ್ದಾರೆ ಎಂದು ಮೆಲ್ಲಗೆ ಕೇಳಿದರು. ಇನ್ನು ಇಲ್ಲಿಗೆ ಬರುವುದಿಲ್ಲ, ಊರಲ್ಲೇ ಇರುತ್ತಾಳೆ ಅಂದೆ. ಅವರ ಮುಖ ಸಡಿಲಾಯಿತು. ನನಗೆ ಸಮಾಧಾನ ಆಗಲಿ ಎಂದೇ ಹೇಳಿದರು, ಅದರಲ್ಲಿ ಸಂಶಯವಿಲ್ಲ.

"ಹಾಗಾದ್ರೆ ಇನ್ನು ಅವರ ಕಾರ್ಡಿಗೆ ಎಂತ ತೊಂದರೆಯೂ ಇಲ್ಲ ನಾಗಮ್ಮ. ವಿಳಾಸ ಸರಿಯಾಯ್ತಲ್ಲ."

ಫಾರಂ ತುಂಬಿದ್ದ ಚೀಲವನ್ನು ಅವರ ಟೇಬಲ್ಲಿನ ಮೇಲೆ ಬೋರಲು ಹಾಕಿ ಮೆಟ್ಟಿಲಿಳಿದೆ. ಚಹಾ ತರುತ್ತಿದ್ದವನು ಎದುರಿಗೆ ಸಿಕ್ಕಿದ. ಅವನ ಕೈಯಿಂದ ಲೋಟ ತೆಗೆದುಕೊಂಡು ಅಲ್ಲೇ ನಿಂತು ಕುಡಿದೆ. ಅವರು ಕೊಟ್ಟಿದ್ದೆಲ್ಲ ತಿಂದಿದ್ದೆ, ಅದೊಂದನ್ನು ಯಾಕೆ ಬಿಡಲಿ. ಮತ್ತೆ ಆ ಮೆಟ್ಟಿಲು ಹತ್ತಲಿಲ್ಲ.